ಒಂದು ಉಪಗ್ರಹ ಹೊಡೆದು ತೋರಿಸಿದ್ದೇವೆ. ಇನ್ನು ನಮ್ಮವನ್ನು ಯಾರೂ ಮುಟ್ಟುವುದಿಲ್ಲವೇ?

ಪ್ರಶ್ನೆ: "ಸರ, 2019ರಾಗ ನಾವು ಮ್ಯಾಲಿನ ಉಪಗ್ರಹ ಹೊಡೆದು ತೋರಿಸೀವಿ. ಅಂದ್ರ ಇನ್ನ ನಮ್ಮ ಉಪಗ್ರಹಕ್ಕ ಯಾರೂ ಕೈ ಹಚ್ಚಂಗಿಲ್ಲ ಅಲ್ರಿ? ಅವ್ರು ಒಂದು ಹೊಡದ್ರ ನಾವೂ ಒಂದು ಹೊಡೀತೀವಿ ಅನ್ನೂ ಅಂಜಿಕಿ ಅವ್ರಿಗೂ ಇರ್ತದಲ್ಲ?"
(ಬೀದರಿನ ಬಿ.ಎಸ್ಸಿ. ವಿದ್ಯಾರ್ಥಿ)

ಈ ಪ್ರಶ್ನೆ ನನಗೆ ಹೊಸದಲ್ಲ. ಕಲಬುರಗಿಯಲ್ಲಿ, ಯಾದಗಿರಿಯಲ್ಲಿ ಕಾಲೇಜು ಹುಡುಗರೊಂದಿಗೆ ಬಾಹ್ಯಾಕಾಶದ ಮಾತು ತೆಗೆದಾಗೆಲ್ಲ ಚಂದ್ರಯಾನದ ಬೆನ್ನಿಗೆ ಬರುವ ಎರಡನೆಯ ಪ್ರಶ್ನೆ ಇದೇ. ಬೀದರಿನವರು ಕೇಳಿದಾಗ ಅದಕ್ಕೊಂದು ಹೆಚ್ಚಿನ ಅರ್ಥವೂ ಇರುತ್ತದೆ. ವಾಯುಪಡೆಯ ತರಬೇತಿ ನೆಲೆ ಊರ ಮಗ್ಗುಲಲ್ಲೇ ಇದೆ. ಜೆಟ್ಟುಗಳ ಸದ್ದು ಕೇಳುತ್ತಲೇ ಬೆಳೆದ ಮಕ್ಕಳು ಅವರು. ವಿಮಾನಕ್ಕೆ ವಿಮಾನ ಎಂಬ ಲೆಕ್ಕವನ್ನು ಇನ್ನೂ ಮೇಲಕ್ಕೆ ಒಯ್ದು ಉಪಗ್ರಹಕ್ಕೆ ಉಪಗ್ರಹ ಎನ್ನುವುದು ಅವರಿಗೆ ಸಹಜ. ಆದರೆ ಹೊಡೆದ ವಿಮಾನ ಕೆಳಗೆ ಬೀಳುತ್ತದೆ. ಹೊಡೆದ ಉಪಗ್ರಹ ಹಾಗೆ ಕೂಡಲೇ ಬೀಳುವುದಿಲ್ಲ, ಚೂರಾಗಿ ಸುತ್ತುತ್ತಲೇ ಇರುತ್ತದೆ. ಲೆಕ್ಕ ತಪ್ಪುವುದು ಅಲ್ಲಿಂದಲೇ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅಂಜಿಕೆ ಇರುತ್ತದೆ, ನಿಜ. ಆದರೆ ಅದನ್ನೇ ನೆಚ್ಚಿ ಕೂಡುವಷ್ಟು ಇರುವುದಿಲ್ಲ. ಬಾಹ್ಯಾಕಾಶದಲ್ಲಿ ನಮ್ಮನ್ನು ಕಾಯುವುದು ತಿರುಗಿ ಹೊಡೆಯುವ ಶಕ್ತಿಗಿಂತ ಹೆಚ್ಚಾಗಿ, ಒಂದು ಪೆಟ್ಟು ಬಿದ್ದರೂ ಕೆಲಸ ನಿಲ್ಲದಂತೆ ಕಟ್ಟಿಕೊಂಡ ವ್ಯವಸ್ಥೆ. ಆ ವ್ಯವಸ್ಥೆಯಲ್ಲಿ ನಾವು ಇನ್ನೂ ಹಿಂದಿದ್ದೇವೆ. ಅದು ನನಗೆ ನಿಜವಾಗಿ ಚಿಂತೆಯ ವಿಷಯ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ರಕ್ಷಣಾ ಪಂಡಿತರು ಡಿಟೆರೆನ್ಸ್ ಎನ್ನುವ ಮಾತಿಗೆ ಕನ್ನಡ ಪತ್ರಿಕೆಗಳಲ್ಲಿ ಒಂದೊಂದು ಕಡೆ ಒಂದೊಂದು ಪದ ಇದೆ. ನಾನು ಅದನ್ನು ಎರಡಾಗಿ ಬಿಡಿಸಿ ಹೇಳುತ್ತೇನೆ. ಒಂದು, ಅಂಜಿಸಿ ತಡೆಯುವುದು: ನೀ ಹೊಡೆದರೆ ನಿನಗೆ ಇದಕ್ಕಿಂತ ದೊಡ್ಡ ಪೆಟ್ಟು ಕಾದಿದೆ ಎಂದು ತೋರಿಸುವುದು. ಇನ್ನೊಂದು, ದಕ್ಕದಂತೆ ಮಾಡಿ ತಡೆಯುವುದು: ನೀ ಹೊಡೆದರೂ ನಿನ್ನ ಕೈಗೆ ಏನೂ ಹತ್ತುವುದಿಲ್ಲ ಎಂದು ಮನಗಾಣಿಸುವುದು. ಎರಡನ್ನೂ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಕಲಬುರಗಿ ಕೋಟೆಯ ಮೇಲಿನ ಬಾರಾ ಗಜ್ ತೋಪು ಮೊದಲನೆಯದು. ಹನ್ನೆರಡು ಗಜದ್ದು ಎನ್ನುತ್ತದೆ ಅದರ ಹೆಸರು, ದೂರದಿಂದಲೇ ಕಾಣಬೇಕು, ಕಂಡು ಎದೆ ನಡುಗಬೇಕು. ಬೀದರ ಕೋಟೆಯ ಸುತ್ತ ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕ ಎರಡನೆಯದು. ಅದು ಯಾರಿಗೂ ಪೆಟ್ಟು ಕೊಡುವುದಿಲ್ಲ. ಒಂದು ಕಂದಕ ದಾಟಿದವನಿಗೆ ಇನ್ನೊಂದು, ಅದನ್ನೂ ದಾಟಿದವನಿಗೆ ಮತ್ತೊಂದು. ದಾಳಿಯ ಲೆಕ್ಕ ಹಾಕುವವನು ಮನೆಯಲ್ಲೇ ಕುಳಿತು "ಇದು ಹಿಡಿಸುವ ಕೆಲಸ ಅಲ್ಲ" ಎನ್ನಬೇಕು.

2019ರ ಮಾರ್ಚ್ 27ರಂದು, ಮಿಷನ್ ಶಕ್ತಿ ಎಂಬ ಹೆಸರಿನ ಪರೀಕ್ಷೆಯಲ್ಲಿ, ನಾವು ತೋರಿಸಿದ್ದು ತೋಪು. ಒಡಿಶಾ ಕರಾವಳಿಯ ಅಬ್ದುಲ್ ಕಲಾಂ ದ್ವೀಪದಿಂದ ಹಾರಿದ, ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದ ಕ್ಷಿಪಣಿ, ಸುಮಾರು 280 ಕಿ.ಮೀ. ಎತ್ತರದಲ್ಲಿದ್ದ ನಮ್ಮದೇ ಮೈಕ್ರೋಸ್ಯಾಟ್-ಆರ್ ಎಂಬ ಉಪಗ್ರಹಕ್ಕೆ ನೇರ ಡಿಕ್ಕಿ ಹೊಡೆಯಿತು. ಅದು ಅದೇ ವರ್ಷದ ಜನವರಿ 24ರಂದು ಹಾರಿಸಿದ್ದ ಸುಮಾರು 740 ಕೆ.ಜಿ. ತೂಕದ ಉಪಗ್ರಹ. ಅಷ್ಟು ಎತ್ತರದಲ್ಲಿ ಅದರ ವೇಗ ಸೆಕೆಂಡಿಗೆ ಏಳೂವರೆ ಕಿ.ಮೀ.ಗೂ ಹೆಚ್ಚು. ಅಂದರೆ ಕಲಬುರಗಿಯ ನೆತ್ತಿಯಿಂದ ಬೀದರಿನ ನೆತ್ತಿಗೆ ಹದಿನೈದು ಸೆಕೆಂಡಿನೊಳಗೆ ಹೋಗುವ ವಸ್ತು. ಅದನ್ನು ಕ್ಷಿಪಣಿಯ ತುದಿಯಿಂದ ಮುಟ್ಟಿದ್ದು ಸಣ್ಣ ಸಾಧನೆಯಲ್ಲ. ಅದಕ್ಕೂ ಮೊದಲು ಅಮೆರಿಕ, ರಷ್ಯಾ, ಚೀನಾ ಮಾತ್ರ ಇಂಥ ಶಕ್ತಿ ತೋರಿಸಿದ್ದವು. ಆ ಎಂಜಿನಿಯರುಗಳ ಬಗ್ಗೆ ನನಗೆ ಗೌರವ ಇದೆ.

ಈಗ ಪೆಟ್ಟು ಬಿದ್ದ ಮೇಲಿನ ಕಥೆ.

ಶಹಾಬಾದ್, ಚಿತ್ತಾಪುರ ಕಡೆಯ ಕಲ್ಲಿನ ಖಣಿಗಳಲ್ಲಿ ಮದ್ದು ಸಿಡಿಸುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸಿಡಿಸುವವನು ಎಷ್ಟೇ ಜಾಣನಿರಲಿ, ಚಕ್ಕೆ ಯಾವ ಕಡೆ ಹಾರಬೇಕು ಎಂದು ಹೇಳಲಾರ. ಖಣಿಯಲ್ಲಾದರೆ ಎರಡು ಗಳಿಗೆಗೆ ಚಕ್ಕೆ ನೆಲಕ್ಕೆ ಬಿದ್ದು ಸುಮ್ಮನಾಗುತ್ತದೆ. ಮೇಲೆ ಹಾಗಲ್ಲ. ಎಷ್ಟು ಎತ್ತರದಲ್ಲಿ ಸಿಡಿಯಿತು ಎಂಬುದರ ಮೇಲೆ ಅದರ ಆಯುಷ್ಯ. 280 ಕಿ.ಮೀ. ಹತ್ತಿರ ಗಾಳಿಯ ಅಂಶ ಚೂರು ಇರುತ್ತದೆ, ಅದು ತುಣುಕುಗಳ ವೇಗ ಕುಗ್ಗಿಸಿ ಕೆಳಗೆ ಎಳೆದು ಸುಟ್ಟುಬಿಡುತ್ತದೆ. ನಾವು ತಗ್ಗಿನ ಕಕ್ಷೆ ಆಯ್ದುಕೊಂಡದ್ದು ಅದಕ್ಕೇ. 45 ದಿನದಲ್ಲಿ ಎಲ್ಲ ಬೀಳುತ್ತದೆ ಎಂದು ಆಗ ಡಿಆರ್‌ಡಿಓ ಹೇಳಿತ್ತು. ಬಹುಪಾಲು ಬಿದ್ದವು ನಿಜ, ಆದರೆ ಡಿಕ್ಕಿಯ ರಭಸಕ್ಕೆ ಮೇಲಕ್ಕೆ ಚಿಮ್ಮಿದ ಕೆಲವು ತುಣುಕುಗಳು ವರ್ಷ ದಾಟಿಯೂ ಸುತ್ತುತ್ತಿದ್ದವು.

ಚೀನಾ ಆ ಎಚ್ಚರ ವಹಿಸಲಿಲ್ಲ. 2007ರ ಜನವರಿ 11ರಂದು ಅದು ತನ್ನದೇ ಹಳೆಯ ಹವಾಮಾನ ಉಪಗ್ರಹ ಫೆಂಗ್ಯುನ್-1ಸಿಯನ್ನು ಸುಮಾರು 860 ಕಿ.ಮೀ. ಎತ್ತರದಲ್ಲಿ ಒಡೆಯಿತು. ರೇಡಾರಿಗೆ ಕಾಣುವಷ್ಟು ದೊಡ್ಡ ಚೂರುಗಳೇ ಮೂರು ಸಾವಿರಕ್ಕೂ ಹೆಚ್ಚು. ಅಷ್ಟು ಎತ್ತರದಲ್ಲಿ ಗಾಳಿಯ ಎಳೆತ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಬಹಳಷ್ಟು ಚೂರು ಇಂದಿಗೂ ಅಲ್ಲೇ ಇವೆ. ಹದಿನಾಲ್ಕು ವರ್ಷಗಳಾದ ಮೇಲೆ, 2021ರ ನವೆಂಬರ್ ಮೊದಲ ಭಾಗದಲ್ಲಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಅದರದೊಂದು ಚೂರಿನಿಂದ ತಪ್ಪಿಸಿಕೊಳ್ಳಲು ಜಾಗ ಸರಿಯಬೇಕಾಯಿತು. ಅದಾಗಿ ಒಂದು ವಾರ ಕಳೆದಿರಲಿಲ್ಲ, ನವೆಂಬರ್ 15ರಂದು ರಷ್ಯಾ ತನ್ನ ಹಳೆಯ ಕಾಸ್ಮೋಸ್-1408ನ್ನು ಸುಮಾರು 480 ಕಿ.ಮೀ. ಎತ್ತರದಲ್ಲಿ ಒಡೆಯಿತು. ಸಾವಿರದ ಐನೂರಕ್ಕೂ ಹೆಚ್ಚು ಚೂರು. ನಿಲ್ದಾಣದಲ್ಲಿದ್ದ ಏಳು ಮಂದಿ ತಮ್ಮ ತಮ್ಮ ನೌಕೆಗಳೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕುಳಿತರು, ಹೆಚ್ಚುಕಡಿಮೆಯಾದರೆ ಹಾಗೇ ಭೂಮಿಗೆ ಇಳಿಯಲು. ಆ ಏಳು ಮಂದಿಯಲ್ಲಿ ಇಬ್ಬರು ರಷ್ಯಾದವರೇ.

ಆ ಇಬ್ಬರನ್ನು ನೆನೆದಾಗಲೆಲ್ಲ ನನಗೆ ಅನ್ನಿಸುವುದಿಷ್ಟು. ಆಜೂಬಾಜು ಹೊಲದವನ ಮೇಲಿನ ಸಿಟ್ಟಿಗೆ ಅವನ ಬಣವಿಗೆ ಬೆಂಕಿ ಇಡುವವನು ಗಾಳಿ ಯಾವ ಕಡೆಗಿದೆ ಎಂದು ನೋಡುತ್ತಾನೆ. ಕಕ್ಷೆಯಲ್ಲಿ ಗಾಳಿಗೆ ದಿಕ್ಕೇ ಇಲ್ಲ, ಎಲ್ಲರ ಬಣವಿಯೂ ಒಂದೇ ಕಣದಲ್ಲಿದೆ. ನಮ್ಮ ದೂರಸಂವೇದಿ ಉಪಗ್ರಹಗಳು, ಬೆಳೆ ನೋಡುವವು, ಕೆರೆ ಅಳೆಯುವವು, ಗಡಿ ಕಾಯುವವು, ಬಹುಪಾಲು 500ರಿಂದ 900 ಕಿ.ಮೀ. ಎತ್ತರದ ಪಟ್ಟಿಯಲ್ಲೇ ಓಡಾಡುತ್ತವೆ. ಫೆಂಗ್ಯುನ್ ಚೂರುಗಳ ಮನೆಯೂ ಅಲ್ಲೇ. ತೊಗರಿ ಕಾಳಿನಷ್ಟು ತುಣುಕೊಂದು ಆ ವೇಗದಲ್ಲಿ ಬಡಿದರೆ ಉಪಗ್ರಹ ಕುರುಡಾಗಬಹುದು. ಇಂಥ ಡಿಕ್ಕಿ ತಪ್ಪಿಸಲು 2023ರ ಒಂದೇ ವರ್ಷದಲ್ಲಿ ಇಸ್ರೋ ತನ್ನ ಉಪಗ್ರಹಗಳನ್ನು 23 ಸಲ ಪಕ್ಕಕ್ಕೆ ಸರಿಸಿತು. ಪ್ರತಿ ಸಲವೂ ಇಂಧನ ಖರ್ಚು, ಇಂಧನ ಖರ್ಚಾದಷ್ಟು ಆಯುಷ್ಯ ಕಡಿಮೆ.

ಹೀಗಿರುವಾಗ "ನೀ ಒಂದು ಹೊಡೆದರೆ ನಾನೂ ಒಂದು ಹೊಡೆಯುತ್ತೇನೆ" ಎಂಬ ಬೆದರಿಕೆಯನ್ನು ಎದುರಾಳಿ ಎಷ್ಟು ನಂಬುತ್ತಾನೆ? ಹೊಡೆದರೆ ನಮ್ಮ ಉಳಿದ ಉಪಗ್ರಹಗಳಿಗೂ ಕುತ್ತು ಎಂದು ಅವನಿಗೂ ಗೊತ್ತು. ಬೆದರಿಕೆ ಹಾಕಿದವನಿಗೇ ಅದನ್ನು ನಡೆಸಲು ಮನಸ್ಸು ಬರುವುದಿಲ್ಲ ಎಂದು ಎದುರಿನವನಿಗೆ ಗೊತ್ತಾದ ಮೇಲೆ ಆ ಬೆದರಿಕೆಯ ಬೆಲೆ ಅರ್ಧಕ್ಕೆ ಇಳಿಯುತ್ತದೆ.

ಎಣಿಕೆಯೂ ನಮ್ಮ ಕಡೆಗಿಲ್ಲ. ಕೆಲಸ ಮಾಡುತ್ತಿರುವ ಭಾರತದ ಸರ್ಕಾರಿ ಉಪಗ್ರಹಗಳು ಐವತ್ತು ಅರವತ್ತರ ಆಸುಪಾಸು. ಚೀನಾದವು ಸಾವಿರ ದಾಟಿವೆ. ಒಂದಕ್ಕೊಂದು ಎಂದು ಆಡಲು ಕುಳಿತರೆ ಯಾರ ಕೈ ಮೊದಲು ಬರಿದಾಗುತ್ತದೆ? ಇನ್ನೊಂದು ತುದಿಯಲ್ಲಿ, ಮೇಲೆ ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದ ದೇಶಗಳಿವೆ. ಹೊಲವೇ ಇಲ್ಲದವನಿಗೆ ಬಣವಿ ಸುಡುತ್ತೇನೆ ಎಂದು ಹೇಳಿ ಅಂಜಿಸುವುದು ಹೇಗೆ? ಹೀಗಾಗಿ ಉಪಗ್ರಹಕ್ಕೆ ಬಿದ್ದ ಪೆಟ್ಟಿಗೆ ಉತ್ತರ ಉಪಗ್ರಹದ ಮೇಲೆಯೇ ಇರಬೇಕೆಂದಿಲ್ಲ, ನೆಲದ ಮೇಲೋ ಸಮುದ್ರದಲ್ಲೋ ವ್ಯಾಪಾರದಲ್ಲೋ ಇರಬಹುದು ಎಂದು ದೊಡ್ಡ ದೇಶಗಳು ಹೇಳತೊಡಗಿವೆ. ಆದರೆ ಅದಕ್ಕೂ ಮೊದಲು ತಿಳಿಯಬೇಕಾದ್ದು, ಹೊಡೆದವರು ಯಾರು ಎಂಬುದು.

ಇದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. 2018ರ ಮಾರ್ಚ್ 29ರಂದು ಇಸ್ರೋ ಜಿಸ್ಯಾಟ್-6ಎ ಹಾರಿಸಿತು. ಆರು ಮೀಟರ್ ಅಗಲಕ್ಕೆ ಕೊಡೆಯಂತೆ ಬಿಚ್ಚಿಕೊಳ್ಳುವ ಆಂಟೆನಾ ಇದ್ದ ಉಪಗ್ರಹ. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟುಗಳಿಂದಲೂ ಮಾತಾಡಲು ಬರುವಂತೆ ಮಾಡಿದ್ದು, ಸೇನೆಗೂ ಬೇಕಾದದ್ದು. ಕಕ್ಷೆ ಏರಿಸುವ ಎರಡನೆಯ ಹಂತ ಮುಗಿಯುತ್ತಿದ್ದಂತೆ ಅದು ಮೌನವಾಯಿತು. ವಿದ್ಯುತ್ ವ್ಯವಸ್ಥೆ ಕೆಟ್ಟಿರಬಹುದು ಎಂದು ಆಗ ಮಾತು ಬಂತು. ಶಾಂತಿಯ ದಿನಗಳಾದ್ದರಿಂದ ಅದನ್ನು ಯಂತ್ರದ ದೋಷ ಎಂದು ಎಲ್ಲರೂ ಒಪ್ಪಿದೆವು. ಇದೇ ಮೌನ ಗಡಿಯಲ್ಲಿ ಗುಂಡು ಹಾರುತ್ತಿರುವ ವಾರದಲ್ಲಿ ಆಗಿದ್ದರೆ? ಮೂವತ್ತಾರು ಸಾವಿರ ಕಿ.ಮೀ. ಮೇಲಕ್ಕೆ ಹೋಗಿ ತಂತಿ ಸುಟ್ಟಿದೆಯೋ ಯಾರಾದರೂ ಸುಟ್ಟರೋ ಎಂದು ಬಗ್ಗಿ ನೋಡಿ ಬರಲಾಗುವುದಿಲ್ಲ. ಸೌರ ಬಿರುಗಾಳಿ ಇರಬಹುದು, ಚೂರು ಬಡಿದಿರಬಹುದು, ಸಾಫ್ಟ್‌ವೇರ್ ತಪ್ಪಿರಬಹುದು, ವೈರಿಯ ಕೈವಾಡ ಇರಬಹುದು. ಕಳ್ಳ ಯಾರೆಂದು ಗೊತ್ತಾಗುವ ಮೊದಲೇ ಯಾರಿಗೋ ಬಡಿದರೆ, ಇಲ್ಲದ ಯುದ್ಧವನ್ನು ನಾವೇ ಕರೆದಂತೆ. ಬಡಿಯದೆ ಸುಮ್ಮನಿದ್ದರೆ, ನಿಜವಾಗಿ ಮಾಡಿದವನಿಗೆ ಧೈರ್ಯ ಬಂದಂತೆ. ಬಾಹ್ಯಾಕಾಶದ ಮೇಲೆ ಕಣ್ಣಿಡುವ ಕೆಲಸವನ್ನು ನಾನು ಕ್ಷಿಪಣಿಗಿಂತ ಮೇಲಿಡುವುದು ಇದಕ್ಕೇ. ಬೆಂಗಳೂರಿನ ಪೀಣ್ಯದಲ್ಲಿ 2022ರ ಜುಲೈಯಲ್ಲಿ ಆರಂಭವಾದ ಇಸ್ರೋದ ಕೇಂದ್ರ ಈ ಕೆಲಸಕ್ಕೆಂದೇ ಇದೆ: ಮೇಲೆ ಏನೇನು ಸುತ್ತುತ್ತಿದೆ, ಯಾವುದು ಯಾವುದರ ಹತ್ತಿರ ಬರುತ್ತಿದೆ ಎಂದು ಲೆಕ್ಕ ಇಡುವುದು. ಸುದ್ದಿಯಲ್ಲಿ ಅದು ಬರುವುದು ಕಡಿಮೆ. ಬರಬೇಕಿತ್ತು.

ಹತ್ತಿರ ಬರುವುದು ಎಂದಾಗ ಇನ್ನೊಂದು ಮಾತು. 2022ರ ಜನವರಿಯಲ್ಲಿ ಚೀನಾದ ಒಂದು ಉಪಗ್ರಹ ತನ್ನದೇ ಸತ್ತ ದಿಕ್ಸೂಚಿ ಉಪಗ್ರಹಕ್ಕೆ ಅಂಟಿಕೊಂಡು ಅದನ್ನು ದೂರದ ಕಸದ ಕಕ್ಷೆಗೆ ಎಳೆದು ಬಿಟ್ಟು ಬಂತು. 2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್ ಎಂಬ ಪ್ರಯೋಗದ ಎರಡು ಉಪಗ್ರಹಗಳು ಮೇಲೆಯೇ ಒಂದಕ್ಕೊಂದು ಜೋಡಿಸಿಕೊಂಡವು. ಎರಡೂ ಒಳ್ಳೆಯ ಕೆಲಸವೇ. ಆದರೆ ಸತ್ತದ್ದನ್ನು ಎಳೆಯುವ ಕೈ ಬದುಕಿರುವುದನ್ನೂ ಎಳೆಯಬಲ್ಲದು. ಮತ್ತೊಬ್ಬರ ಉಪಗ್ರಹಕ್ಕೆ ಎಷ್ಟು ಹತ್ತಿರ ಹೋಗಬಾರದು ಎಂದು ಎಲ್ಲರೂ ಒಪ್ಪಿದ ನಿಯಮ ಇಲ್ಲ. ಹೊಲಕ್ಕೆ ಬಾಂದುಗಲ್ಲು ಇದೆ, ಕಕ್ಷೆಗೆ ಇಲ್ಲ.

ಇಷ್ಟು ಹೇಳಿದ ಮೇಲೂ ಹುಡುಗರ ಕಣ್ಣಿನಲ್ಲಿ ಕ್ಷಿಪಣಿಯ ಚಿತ್ರವೇ ಇರುತ್ತದೆ. ನಿಜವಾದ ದಾಳಿಗಳು ಬಹುತೇಕ ಹಾಗೆ ಕಾಣುವುದೇ ಇಲ್ಲ. 2022ರ ಫೆಬ್ರವರಿ 24ರ ಬೆಳಗಿನ ಜಾವ, ರಷ್ಯಾದ ಸೈನ್ಯ ಯುಕ್ರೇನಿನೊಳಗೆ ನುಗ್ಗುವ ಒಂದು ತಾಸಿನ ಮುಂಚೆ, ಕೆಎ-ಸ್ಯಾಟ್ ಎಂಬ ಉಪಗ್ರಹದ ಇಂಟರ್ನೆಟ್ ಬಳಸುತ್ತಿದ್ದ ಹತ್ತಾರು ಸಾವಿರ ಮೋಡೆಮ್‌ಗಳು ಸತ್ತವು. ಉಪಗ್ರಹಕ್ಕೆ ಏನೂ ಆಗಿರಲಿಲ್ಲ. ನೆಲದ ಮೇಲಿನ ಜಾಲದೊಳಗೆ ನುಸುಳಿ ಮೋಡೆಮ್‌ಗಳ ಒಳಗಿನ ಆದೇಶಗಳನ್ನೇ ಅಳಿಸಿದ್ದರು. ಯುಕ್ರೇನಿನ ಸೇನೆಯ ಸಂಪರ್ಕಕ್ಕೆ ಹಾಕಿದ ಈ ಕೊಡಲಿ ಪೆಟ್ಟು ಜರ್ಮನಿಯಲ್ಲಿ 5,800 ಗಾಳಿಯಂತ್ರಗಳ ದೂರನಿಯಂತ್ರಣವನ್ನೂ ಕಡಿಯಿತು. ಇದು ರಷ್ಯಾದ ಕೆಲಸ ಎಂದು ಯುರೋಪು, ಬ್ರಿಟನ್, ಅಮೆರಿಕ ಬಾಯಿಬಿಟ್ಟು ಹೇಳಲು ಮೇ ತಿಂಗಳು ಬರಬೇಕಾಯಿತು. ಎರಡೂವರೆ ತಿಂಗಳು! ಇದಕ್ಕೆ ಮಿಷನ್ ಶಕ್ತಿಯ ಕ್ಷಿಪಣಿ ಏನು ಉತ್ತರ ಕೊಡಬಲ್ಲದು?

ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಮೇಲಿರುವ ಇನ್ಸ್ಯಾಟ್ ಉಪಗ್ರಹಗಳಷ್ಟೇ ಕಾಯಬೇಕಾದದ್ದು ಅವನ್ನು ನಡೆಸುವ ಹಾಸನದ ಕೇಂದ್ರ, ಅಲ್ಲಿನ ಕಂಪ್ಯೂಟರ್, ಅಲ್ಲಿಗೆ ಹೋಗುವ ಕೇಬಲ್, ಅಲ್ಲಿ ಪಾಸ್‌ವರ್ಡ್ ಹೊಡೆಯುವ ಮನುಷ್ಯ.

ಇದಕ್ಕೂ ಸಣ್ಣ ದಾಳಿ ಜ್ಯಾಮಿಂಗ್. ಜಿಪಿಎಸ್ ಸಂಕೇತ ಇಪ್ಪತ್ತು ಸಾವಿರ ಕಿ.ಮೀ. ದೂರದಿಂದ ಬರುವಷ್ಟರಲ್ಲಿ ಬಹಳ ಸೊರಗಿರುತ್ತದೆ. ಜಾತ್ರೆಯ ಮೈಕಿನ ಮುಂದೆ ನಿಂತು ಪಿಸುಮಾತು ಕೇಳಿಸಿಕೊಳ್ಳಲು ಆಗದ ಹಾಗೆ, ನೆಲದ ಮೇಲಿನ ಒಂದು ಟ್ರಾನ್ಸ್‌ಮಿಟರ್ ಅದನ್ನು ಮುಳುಗಿಸಬಲ್ಲದು. 2024ರ ಏಪ್ರಿಲ್ ಕೊನೆಯಲ್ಲಿ ಫಿನ್ಲೆಂಡಿನ ವಿಮಾನ ಕಂಪನಿ ಫಿನ್‌ಏರ್, ಇದೇ ಕಾರಣಕ್ಕೆ ಎಸ್ತೋನಿಯಾದ ತಾರ್ತುವಿಗೆ ಒಂದು ತಿಂಗಳು ವಿಮಾನ ನಿಲ್ಲಿಸಿತು. ಯಾರೂ ಸಾಯಲಿಲ್ಲ, ಏನೂ ಒಡೆಯಲಿಲ್ಲ, ಸ್ವಿಚ್ ತೆಗೆದರೆ ಎಲ್ಲ ಮೊದಲಿನಂತೆ. ಇಂಥ ಚಿವುಟುವಿಕೆಗೆ ಯಾರೂ ಯುದ್ಧ ಹೂಡುವುದಿಲ್ಲ ಎಂದು ಚಿವುಟುವವನಿಗೆ ಚೆನ್ನಾಗಿ ಗೊತ್ತು. ಅಂಜಿಸಿ ತಡೆಯುವುದು ಈ ಕೆಳಮೆಟ್ಟಿಲಲ್ಲಿ ಕೆಲಸವನ್ನೇ ಮಾಡುವುದಿಲ್ಲ.

ಮೇಲಿನ ಮೆಟ್ಟಿಲಲ್ಲಿ ಇರುವುದು ಅಣುಬಾಂಬು. ಅದರ ರುಚಿ ಜಗತ್ತು ಒಮ್ಮೆ ನೋಡಿದೆ. 1962ರ ಜುಲೈ 9ರಂದು ಅಮೆರಿಕ ಶಾಂತ ಸಾಗರದ ಮೇಲೆ 400 ಕಿ.ಮೀ. ಎತ್ತರದಲ್ಲಿ 1.4 ಮೆಗಾಟನ್ ಬಾಂಬು ಸಿಡಿಸಿತು. ಸುಮಾರು 1,400 ಕಿ.ಮೀ. ದೂರದ ಹವಾಯಿಯಲ್ಲಿ ಬೀದಿ ದೀಪಗಳು ಆರಿದವು. ಮರುದಿನ ಹಾರಿದ ಟೆಲ್‌ಸ್ಟಾರ್ ಸೇರಿದಂತೆ ಹಲವು ಉಪಗ್ರಹಗಳು ಆ ವಿಕಿರಣಕ್ಕೆ ಸಿಕ್ಕಿ ಬೇಗ ಸತ್ತವು, ಅಮೆರಿಕದವೂ ಸೇರಿ. ಮರುವರ್ಷವೇ ಬಾಹ್ಯಾಕಾಶದಲ್ಲಿ ಅಣು ಪರೀಕ್ಷೆ ಮಾಡದಿರುವ ಒಪ್ಪಂದವಾಯಿತು. 1967ರ ಬಾಹ್ಯಾಕಾಶ ಒಪ್ಪಂದ ಕಕ್ಷೆಯಲ್ಲಿ ಅಣ್ವಸ್ತ್ರ ಇಡುವುದನ್ನೇ ನಿಷೇಧಿಸಿತು. ಭಾರತ ಅದಕ್ಕೆ ಆಗಲೇ ಸಹಿ ಹಾಕಿದೆ. ಸಾಮಾನ್ಯ ಆಯುಧಗಳ ಬಗ್ಗೆ ಆ ಒಪ್ಪಂದದಲ್ಲಿ ಇಂಥ ನಿಷೇಧ ಇಲ್ಲ, ಎಲ್ಲರೂ ತಮ್ಮ ತಮ್ಮ ಉಪಗ್ರಹ ಒಡೆದುಕೊಂಡದ್ದು ಈ ಕಂಡಿಯಿಂದಲೇ. 2024ರ ಏಪ್ರಿಲ್‌ನಲ್ಲಿ, ಅಣ್ವಸ್ತ್ರವನ್ನು ಕಕ್ಷೆಗೆ ಒಯ್ಯಬಾರದು ಎಂಬ ಹಳೆಯ ಮಾತನ್ನೇ ಮತ್ತೊಮ್ಮೆ ಹೇಳುವ ನಿರ್ಣಯ ಭದ್ರತಾ ಮಂಡಳಿಗೆ ಬಂದಾಗ ಹದಿಮೂರು ದೇಶಗಳು ಹೌದೆಂದವು, ಚೀನಾ ಸುಮ್ಮನಿತ್ತು, ರಷ್ಯಾ ವೀಟೋ ಹಾಕಿತು.

ಇನ್ನು ದಕ್ಕದಂತೆ ಮಾಡುವ ಮಾತು. ಇದನ್ನು ನಮ್ಮ ಭಾಗದವರು ಪುಸ್ತಕದಿಂದ ಕಲಿಯಬೇಕಾಗಿಯೇ ಇಲ್ಲ.

1975ರ ಆಗಸ್ಟ್ 1ರಂದು ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹದಿಂದ ನೇರವಾಗಿ ಟಿವಿ ಬಂತು. ಸೈಟ್ ಎಂದು ಅದರ ಹೆಸರು. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳು ಗುಲಬರ್ಗಾ, ರಾಯಚೂರು, ಬಿಜಾಪುರ. ಇಂದಿನ ಯಾದಗಿರಿ ಆಗ ಗುಲಬರ್ಗಾದಲ್ಲೇ ಇತ್ತು. ಬೆಂಗಳೂರಿನಲ್ಲಿ ದೂರದರ್ಶನ ಇಲ್ಲದಿದ್ದಾಗ ಸೇಡಂ ಕಡೆಯ ನಮ್ಮ ಪಕ್ಕದ ಹಳ್ಳಿಯ ಶಾಲೆಯಲ್ಲಿ ಟಿವಿ ಇತ್ತು ಎಂದರೆ ಇಂದಿನ ಹುಡುಗರು ನಂಬುವುದಿಲ್ಲ. ಶಾಲೆಯ ಮಾಳಿಗೆ ಮೇಲೆ ಕೋಳಿಗೂಡಿನ ಬಲೆಯಂಥ ಜಾಳಿಗೆಯಿಂದ ಮಾಡಿದ ದೊಡ್ಡ ಡಿಶ್, ಒಳಗೆ ಕಪ್ಪು ಬಿಳುಪಿನ ಪೆಟ್ಟಿಗೆ. ಬೆಳಗ್ಗೆ ಮಕ್ಕಳ ಪಾಠ, ಸಂಜೆ ಒಕ್ಕಲುತನ, ಆರೋಗ್ಯ. ನನ್ನ ಅಣ್ಣ ಸಂಜೆ ದನ ಕಟ್ಟಿ, ಎರಡು ಮೈಲಿ ನಡೆದು ನೋಡಲು ಹೋಗುತ್ತಿದ್ದ.

ಉಪಗ್ರಹ ನಮ್ಮದಲ್ಲ. ನಾಸಾದ ಎಟಿಎಸ್-6, ಒಂದು ವರ್ಷದ ಮಟ್ಟಿಗೆ ಎರವಲು. 1976ರ ಜುಲೈ 31ಕ್ಕೆ ವಾಯಿದೆ ಮುಗಿಯಿತು, ಅಮೆರಿಕದವರು ಅದನ್ನು ತಮ್ಮ ಕಡೆಗೆ ಸರಿಸಿಕೊಂಡರು. ಯಾರ ಮೋಸವೂ ಇಲ್ಲ, ಮಾತಿನ ಪ್ರಕಾರವೇ ನಡೆದದ್ದು. "ಡಬ್ಬಿ ಉಳೀತು, ಚಿತ್ರ ಹೋತು" ಎಂದು ಅಣ್ಣ ಇಂದಿಗೂ ಹೇಳುತ್ತಾನೆ. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಟಿವಿ ಕೇಂದ್ರ ಬಂತು, ಅದರ ಅಲೆ ಮುಟ್ಟುವ ಹಳ್ಳಿಗಳಿಗೆ ಚಿತ್ರ ಮರಳಿತು, ಮುಟ್ಟದ ಹಳ್ಳಿಗಳಿಗೆ ಇಲ್ಲ. 1982ರಲ್ಲಿ ಹಾರಿಸಿದ ನಮ್ಮ ಇನ್ಸ್ಯಾಟ್-1ಎ ಕೆಲವೇ ತಿಂಗಳಲ್ಲಿ ಕೆಟ್ಟಿತು, 1983ರ ಇನ್ಸ್ಯಾಟ್-1ಬಿ ನಿಂತಿತು.

ಒಂದೇ ಉಪಗ್ರಹ, ಅದೂ ಮತ್ತೊಬ್ಬರದು, ಪಕ್ಕದಲ್ಲಿ ಬದಲಿ ಇಲ್ಲ. ಆ ಸ್ಥಿತಿಯಲ್ಲಿರುವ ದೇಶವನ್ನು ಸುಮ್ಮನಾಗಿಸಲು ಕ್ಷಿಪಣಿಯೂ ಬೇಡ. ಇಂದು ನಮ್ಮಲ್ಲಿ ಎಷ್ಟೋ ಬದಲಾಗಿದೆ, ಒಂದು ಕಡೆ ಮಾತ್ರ ಈ ಹಳೆಯ ನೋವು ಹಾಗೇ ಇದೆ: ದಿಕ್ಕು ಮತ್ತು ಸಮಯ ತೋರಿಸುವ ಉಪಗ್ರಹಗಳು.

ಜಿಪಿಎಸ್ ಅಮೆರಿಕದ ಸೈನ್ಯದ ಕೈಯಲ್ಲಿದೆ. ಅದಕ್ಕೆ ಬದಲಿಯಾಗಿ 2013ರಿಂದ ನಾವು ನಾವಿಕ್ ಕಟ್ಟತೊಡಗಿದೆವು. ಏಳು ಉಪಗ್ರಹಗಳ ಜಾಲ. ಅವುಗಳ ಜೀವ ಅಣು ಗಡಿಯಾರ. ಸೆಕೆಂಡಿನ ಕೋಟಿಯಲ್ಲೊಂದು ಪಾಲು ತಪ್ಪಿದರೂ ನೆಲದ ಮೇಲೆ ಮೂವತ್ತು ಮೀಟರ್ ಎಡವಟ್ಟು. ಹೊರದೇಶದಿಂದ ತಂದ ಆ ಗಡಿಯಾರಗಳು ಒಂದಾದ ಮೇಲೊಂದು ನಿಂತವು. ಮೊದಲ ಉಪಗ್ರಹದ ಮೂರೂ ಗಡಿಯಾರ 2016ರ ಹೊತ್ತಿಗೆ ಕೆಟ್ಟವು. ಅದರ ಬದಲಿಗೆ 2017ರ ಆಗಸ್ಟ್‌ನಲ್ಲಿ ಹಾರಿಸಿದ್ದು, ರಾಕೆಟ್ಟಿನ ತಲೆಯ ಶಾಖಕವಚ ಬಿಚ್ಚಿಕೊಳ್ಳದೆ ಒಳಗೇ ಸಿಕ್ಕಿಕೊಂಡಿತು. ನಮ್ಮದೇ ರುಬಿಡಿಯಮ್ ಗಡಿಯಾರ ಹೊತ್ತ ಎನ್‌ವಿಎಸ್-01 2023ರ ಮೇ ತಿಂಗಳಲ್ಲಿ ಹೋಗಿ ಕೆಲಸಕ್ಕೆ ನಿಂತಾಗ ನಾನು ನಿಟ್ಟುಸಿರು ಬಿಟ್ಟೆ. 2025ರ ಜನವರಿ 29ರಂದು, ಶ್ರೀಹರಿಕೋಟಾದ ನೂರನೆಯ ಉಡಾವಣೆಯಲ್ಲಿ ಹೋದ ಎನ್‌ವಿಎಸ್-02 ಮಾತ್ರ ತನ್ನ ಕಕ್ಷೆ ಮುಟ್ಟಲಿಲ್ಲ.

ಇಲ್ಲಿ ಯಾವ ವೈರಿಯೂ ಇಲ್ಲ. ಯಾರೂ ಹೊಡೆಯಲಿಲ್ಲ, ಯಾರೂ ಜ್ಯಾಮ್ ಮಾಡಲಿಲ್ಲ. ಆದರೂ ಏಳರ ಜಾಲ ಸೊರಗಿತು. ಬದಲಿ ಇಟ್ಟುಕೊಂಡಿರಲಿಲ್ಲ, ಬದಲಿ ಕಳಿಸಲು ವರ್ಷಗಟ್ಟಲೆ ಹಿಡಿಯಿತು. ಹೊರಗಿನವನು ನಮ್ಮ ದುರ್ಬಲ ಗೋಡೆ ಯಾವುದು ಎಂದು ಹುಡುಕಿದರೆ ಅವನ ಕಣ್ಣು ಮೊದಲು ಬೀಳುವುದು ಇಲ್ಲೇ. ಮೊಬೈಲ್ ಟವರುಗಳು, ವಿದ್ಯುತ್ ಜಾಲದ ಉಪಕರಣಗಳು ಸಮಯ ಹೊಂದಿಸಿಕೊಳ್ಳುವುದು ಇಂಥ ಉಪಗ್ರಹಗಳಿಂದ. ಕೇಬಲ್ ಹೋಗದ ಹಳ್ಳಿಯ ಎಟಿಎಂ ಮಾಳಿಗೆ ಮೇಲಿನ ಸಣ್ಣ ಡಿಶ್‌ನಿಂದ ಮೇಲಿನ ಉಪಗ್ರಹದ ಜೊತೆ ಮಾತಾಡುತ್ತದೆ. ನಾಳೆ ಮಳೆ ಇದೆಯೋ ಇಲ್ಲವೋ ಮೊಬೈಲಿನಲ್ಲಿ ನೋಡಿ ತೊಗರಿಗೆ ಎಣ್ಣೆ ಹೊಡೆಯುವ ಜೇವರ್ಗಿ, ಆಳಂದದ ರೈತನ ನಿರ್ಧಾರದ ಹಿಂದೆ ಇನ್ಸ್ಯಾಟ್‌ನ ಮೋಡದ ಚಿತ್ರ ಇದೆ. ಸೈನ್ಯದ ಮಾತು ಬಿಡಿ, ಇವೇ ಸಾಕು.

ಹಾಗಾಗಿ ನನಗೆ ಭರವಸೆ ಕೊಡುವ ಸುದ್ದಿಗಳು ಬೇರೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಸಮಿತಿ ಒಪ್ಪಿದ 52 ಕಣ್ಗಾವಲು ಉಪಗ್ರಹಗಳ ಯೋಜನೆ, ಸುಮಾರು 27 ಸಾವಿರ ಕೋಟಿ ರೂಪಾಯಿಯದು, ಅದರಲ್ಲಿ 31 ಖಾಸಗಿ ಕಂಪನಿಗಳು ಕಟ್ಟುವಂಥವು. ಎರಡು ದೊಡ್ಡ ಕಣ್ಣುಗಳನ್ನು ಕುರುಡು ಮಾಡುವುದು ಸುಲಭ, ಐವತ್ತೆರಡು ಸಣ್ಣ ಕಣ್ಣುಗಳನ್ನು ಮಾಡುವುದು ಕಷ್ಟ. 2024ರ ಆಗಸ್ಟ್‌ನಲ್ಲಿ ಪರೀಕ್ಷಾ ಹಾರಾಟಗಳನ್ನು ಮುಗಿಸಿದ ಎಸ್‌ಎಸ್‌ಎಲ್‌ವಿ ಎಂಬ ಸಣ್ಣ ರಾಕೆಟ್ ಇನ್ನೊಂದು. ಕೆಲವೇ ಜನ ಕೆಲವೇ ದಿನದಲ್ಲಿ ಜೋಡಿಸಿ ಹಾರಿಸಬೇಕೆಂದು ರೂಪಿಸಿದ್ದು. ಹೋದ ಉಪಗ್ರಹದ ಜಾಗಕ್ಕೆ ಮುಂದಿನ ವಾರವೇ ಇನ್ನೊಂದನ್ನು ಕಳಿಸಬಲ್ಲ ದೇಶದ ಉಪಗ್ರಹ ಹೊಡೆದು ಏನು ಲಾಭ? ಬೀದರ ಕೋಟೆಯ ಕಂದಕ ತೋಡಿದವರ ಬುದ್ಧಿ ಇದು.

ಇಷ್ಟು ಹೇಳಿದಾಗ ಯಾದಗಿರಿಯಲ್ಲಿ ಒಬ್ಬ ಹುಡುಗಿ ಎದ್ದು ಕೇಳಿದ್ದಳು: "ಹಂಗಾದ್ರ ಮಿಷನ್ ಶಕ್ತಿ ದಂಡ ಆಯ್ತೇನ್ರಿ ಸರ?"

ದಂಡ ಅಲ್ಲವ್ವ. ಅದರ ಬೆಲೆ ಬೇರೆ ಕಡೆ ಇದೆ. ಅಣ್ವಸ್ತ್ರ ಹೊಸ ದೇಶಗಳಿಗೆ ಹರಡದಂತೆ ತಡೆಯುವ ಒಪ್ಪಂದದ (ಎನ್‌ಪಿಟಿ) ಕಥೆ ನೋಡು. 1967ರ ಜನವರಿ 1ಕ್ಕೆ ಮುಂಚೆ ಬಾಂಬು ಸಿಡಿಸಿದವರು ಒಳಗೆ, ಆಮೇಲಿನವರು ಹೊರಗೆ ಎಂದು ಗೆರೆ ಎಳೆದರು. ನಾವು ಸಿಡಿಸಿದ್ದು 1974ರಲ್ಲಿ. ಆ ಗೆರೆಯ ಹೊರಗೆ ನಿಂತು ಅನುಭವಿಸಿದ ಕಷ್ಟ ದಿಲ್ಲಿಯವರಿಗೆ ಮರೆತಿಲ್ಲ. ಬಾಹ್ಯಾಕಾಶಕ್ಕೂ ನಾಳೆ ಅಂಥ ಗೆರೆ ಬಿದ್ದರೆ ನಾವು ಒಳಗಿರಬೇಕು ಎಂಬ ಯೋಚನೆಗೆ ಅರ್ಥ ಇತ್ತು. ಮೇಲಾಗಿ, ವೈರಿ ತೀರ ನಿರ್ಭಯನಾಗಿರಬಾರದು, ಅಷ್ಟು ಅಂಜಿಕೆಯಾದರೂ ಬೇಕೇ ಬೇಕು. ತೋಪೇ ಇಲ್ಲದ ಕೋಟೆ ನನಗೂ ಬೇಡ.

ಆದರೆ ತೋಪು ಇದೆ ಎಂದು ಒಮ್ಮೆ ತೋರಿಸಿ ಆಯಿತು. ಮತ್ತೆ ಮತ್ತೆ ಹಾರಿಸಿ ತೋರಿಸುವ ಅಗತ್ಯ ಇಲ್ಲ, ಪ್ರತಿ ಹಾರಿಕೆಯ ಚೂರೂ ನಮ್ಮದೇ ಅಂಗಳಕ್ಕೆ. ಸಿಡಿಸಿ ಒಡೆಯುವ ಇಂಥ ಪರೀಕ್ಷೆ ಇನ್ನು ಮಾಡುವುದಿಲ್ಲ ಎಂದು 2022ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲು ಘೋಷಿಸಿತು. ಅದೇ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಇದೇ ಕರೆಯ ನಿರ್ಣಯಕ್ಕೆ 155 ದೇಶಗಳು ಹೌದೆಂದವು, ರಷ್ಯಾ, ಚೀನಾ ಸೇರಿ 9 ಬೇಡವೆಂದವು, ಭಾರತ ಮತ ಹಾಕದೆ ಕುಳಿತ 9 ದೇಶಗಳಲ್ಲಿ ಒಂದಾಯಿತು. ಬಾಯಿಮಾತಿನ ಘೋಷಣೆ ಬೇಡ, ಎಲ್ಲರನ್ನೂ ಕಾನೂನಿನಿಂದ ಕಟ್ಟುವ ಒಪ್ಪಂದ ಬೇಕು ಎಂಬುದು ನಮ್ಮ ಹಳೆಯ ನಿಲುವು. ಅದರಲ್ಲಿ ನ್ಯಾಯ ಇದೆ. ಆದರೆ ಆ ಒಪ್ಪಂದ ಬರುವ ತನಕ ಕಾಯುವಾಗ, ಪರೀಕ್ಷೆ ಮುಗಿಸಿದ ನಮಗೆ ಈ ಮಾತು ಕೊಡುವುದರಿಂದ ಕಳೆದುಕೊಳ್ಳುವುದು ಏನಿದೆ? ಅಂಥ ಮಾತು ಕೊಟ್ಟ ದೇಶಗಳು ಮೂವತ್ತು ದಾಟಿವೆ. ಆ ಪಟ್ಟಿಯಲ್ಲಿ ಭಾರತದ ಹೆಸರು ಸೇರಬೇಕು ಎಂದು ನಾನು ಆ ಹುಡುಗಿಗೆ ಹೇಳಿದೆ. ಬೀದರಿನ ನಿನಗೂ ಅದನ್ನೇ ಹೇಳುತ್ತೇನೆ.